ಕಾದಾಗ ಮಾತ್ರ ನಿಲ್ಲುವ ಕಾರು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು ಎಂದು ಮೂರು ದಿನದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಮೊದಲ ಡ್ರಾಫ್ಟಿನಲ್ಲಿ ಕಾರಿನ ಬಾಯಲ್ಲೇ ಹೇಳಿಸಿದೆ. “ನಾನೊಂದು ಬಿಳಿ ಕಾರು, ನನಗೆ ಈ ಹಿಂದೆ ಇಬ್ಬರು ಯಜಮಾನರಿದ್ದರು” ಎಂದು ಅದು ಶುರು ಹಚ್ಚಿಕೊಂಡಿತು. ಎರಡು ಪುಟ ಆಗುವಷ್ಟರಲ್ಲಿ ನನಗೇ ನಾಚಿಕೆಯಾಗಿ ಹರಿದು ಹಾಕಿದೆ. (ಮಾತಾಡುವ ಕಾರಾದರೆ ತನಗೇನು ತೊಂದರೆ ಎಂದು ತಾನೇ ಹೇಳಿಬಿಡುತ್ತದೆ. ಆಮೇಲೆ ನನಗೇನು ಕೆಲಸ?)

ಎರಡನೆಯ ಡ್ರಾಫ್ಟು “ಗ್ರಾಹಕರೇ, ನಿಮ್ಮ ಹಕ್ಕುಗಳನ್ನು ತಿಳಿಯಿರಿ” ಎಂಬ ಧಾಟಿಯಲ್ಲಿ ಹೊರಟು, ಸರ್ಕಾರಿ ಕಚೇರಿಯ ಗೋಡೆಗೆ ಅಂಟಿಸುವ ಹಾಳೆಯಂತಾಯಿತು. ಅದನ್ನು ಹರಿಯಲಿಲ್ಲ, ಮಡಿಸಿ ಅಲುಗಾಡುವ ಮೇಜಿನ ಕಾಲಿಗೆ ಇಟ್ಟಿದ್ದೇನೆ. ಮೇಜು ಈಗ ಅಲುಗಾಡುವುದಿಲ್ಲ. ಹಾಗಾಗಿ ಮೂರನೆಯ ಸಲ, ಒಬ್ಬ ಹೆಂಗಸಿನ ಪಾದಗಳಿಂದ ಶುರು ಮಾಡುತ್ತೇನೆ.

೨

ಅವರು ಟೈಲರಮ್ಮ. ಮೂವತ್ತೈದು ವರ್ಷದಿಂದ ಕಾಲಲ್ಲಿ ತುಳಿಯುವ ಮೆಷಿನ್ನಿನ ಮುಂದೆ ಕೂತು ಊರಿನ ಅರ್ಧ ಜನರ ಪ್ಯಾಂಟು ಗಿಡ್ಡ ಮಾಡಿದವರು. ಮೋಟರು ಹಾಕಿಸಿಕೊಳ್ಳಿ ಎಂದು ಎಷ್ಟು ಜನ ಹೇಳಿದರೂ ಕಿವಿಗೆ ಹಾಕಿಕೊಂಡಿಲ್ಲ. ಕಂಕುಳಿನ ತಿರುವಿನಲ್ಲಿ ಎಷ್ಟು ನಿಧಾನವಾಗಬೇಕು ಎಂಬುದು ಮೋಟರಿಗೆ ಗೊತ್ತಿಲ್ಲ, ನನ್ನ ಕಾಲಿಗೆ ಗೊತ್ತು ಎನ್ನುತ್ತಾರೆ.

ಅವರ ಯಜಮಾನರು ಗಡಿಯಾರ ರಿಪೇರಿ ಮಾಡುತ್ತಿದ್ದವರು. ಹದಿನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಬ್ರಷ್ಷು ಅವರ ಬಲಗೈಯಿಂದ ಜಾರಿ ಬಿತ್ತು. ಅಲ್ಲಿಂದೀಚೆಗೆ ಆ ಕೈ ಹೇಳಿದ ಮಾತು ಕೇಳುವುದಿಲ್ಲ. ವಾರಕ್ಕೆ ಮೂರು ದಿನ ಊರಿನ ಆಚೆ ತುದಿಯ ವ್ಯಾಯಾಮ ಕೇಂದ್ರಕ್ಕೆ ಹೋಗಿ, ಒಂದು ಬಟ್ಟಲಿನ ಮಣಿಗಳನ್ನು ಇನ್ನೊಂದು ಬಟ್ಟಲಿಗೆ ಹಾಕಬೇಕು. ಬಸ್ಸಿನ ಮೆಟ್ಟಿಲು ಎತ್ತರ. ಅದಕ್ಕೇ ಟೈಲರಮ್ಮ ಐವತ್ತೇಳನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತರು. ಎರಡನೆಯ ಸಲಕ್ಕೆ ಪಾಸಾಗಿ, ಹಳೆಯ ಕಾರುಗಳನ್ನು ಮಾರುವ ಶೋರೂಮಿನಲ್ಲಿ ಒಂದು ಬಿಳಿ ಕಾರು ಕೊಂಡರು. ನೂರಾ ನಲವತ್ತು ಪರೀಕ್ಷೆಗಳಲ್ಲಿ ಉತ್ತೀರ್ಣ ಎಂದು ಅದರ ಜೊತೆಗೊಂದು ಸರ್ಟಿಫಿಕೇಟು ಬಂತು. ಒಂದು ವರ್ಷದ ವಾರಂಟಿಯೂ ಇತ್ತು.

ಒಂಬತ್ತನೆಯ ದಿನ ಕಾರು ದೊಡ್ಡ ವೃತ್ತದ ಮಧ್ಯೆ ನಿಂತುಹೋಯಿತು.

೩

ಹಿಂದಿನವರು ಹಾರ್ನು ಹೊಡೆದದ್ದು, ಯಾರೋ ಬಂದು ತಳ್ಳಿದ್ದು, ಹತ್ತು ನಿಮಿಷದ ನಂತರ ಏನೂ ಆಗಿಲ್ಲವೆಂಬಂತೆ ಕಾರು ತಾನೇ ಶುರುವಾದದ್ದು, ಇದನ್ನೆಲ್ಲ ನೀವೇ ಊಹಿಸಿಕೊಳ್ಳಿ. ಆ ವಾರ ಇನ್ನೂ ನಾಲ್ಕು ಸಲ ಹಾಗಾಯಿತು. ಶೋರೂಮಿನವರು ಎರಡು ದಿನ ಇಟ್ಟುಕೊಂಡು ನೋಡಿದರು. ಬೆಳಿಗ್ಗೆ ಬಂದು ಕೀಲಿ ತಿರುಗಿಸುತ್ತಿದ್ದರು, ಐದು ನಿಮಿಷ ಓಡಿಸುತ್ತಿದ್ದರು, ಸರಿಯಾಗಿದೆ ಎಂದು ನಿಲ್ಲಿಸುತ್ತಿದ್ದರು. ಮೂರನೆಯ ದಿನ ಅಲ್ಲಿನ ಮಾರಾಟಗಾರ ಕಾರನ್ನು ವಾಪಸು ಕೊಟ್ಟ. ಸದಾ ನಗುತ್ತಿರುವುದರಿಂದ ಅವನನ್ನು ನಗುಮುಖ ಎಂದು ಕರೆಯೋಣ.

“ಗಾಡೀಲಿ ಏನೂ ಇಲ್ಲ ಮೇಡಂ. ಈ ವಯಸ್ಸಲ್ಲಿ ಕಲ್ತಿದ್ದೀರಲ್ಲ, ಕ್ಲಚ್ಚಿನ ಮೇಲೆ ಕಾಲು ಇನ್ನೂ ಕೂತಿಲ್ಲ, ಅಷ್ಟೇ. ಅಭ್ಯಾಸ ಆಗತ್ತೆ.”

ಟೈಲರಮ್ಮ ತಮ್ಮ ಪಾದಗಳನ್ನು ನೋಡಿಕೊಂಡರು. ಮರುದಿನ ಅಂಗಡಿಯಲ್ಲಿ ಒಂದೇ ಹೊಲಿಗೆಯಲ್ಲಿ ದಾರ ಮೂರು ಸಲ ತುಂಡಾಯಿತು. ಗಿರಾಕಿಗಳು ಗಮನಿಸಲಿಲ್ಲ, ಅವರು ಗಮನಿಸಿದರು. ಆಮೇಲೆ ಕಾರು ಮುಟ್ಟಲಿಲ್ಲ. ಯಜಮಾನರಿಗೆ ಎರಡು ವಾರ ವ್ಯಾಯಾಮ ತಪ್ಪಿತು.

(ಕಥೆಯ ಗಂಟು ಕಾರಿನದು ಎಂದುಕೊಂಡಿದ್ದರೆ ಇಲ್ಲಿ ಸ್ವಲ್ಪ ನಿಲ್ಲಿ. ಕಾರು ಹೋದರೆ ಇನ್ನೊಂದು ಬರುತ್ತದೆ. ಈ ಹೆಂಗಸಿಗೆ ತನ್ನ ಕಾಲಿನ ಮೇಲೇ ಸಂಶಯ ಬಂದಿದೆ.)

೩, ಮತ್ತೆ

ಇಲ್ಲಿ ನಾನು ನಗುಮುಖನನ್ನು ಕೆಟ್ಟವನನ್ನಾಗಿ ಮಾಡಲು ಹೊರಟೆ. ಅವನಿಗೊಂದು ಚಿನ್ನದ ಸರ, ಒಂದು ಗಹಗಹ ನಗು ಕೊಟ್ಟಿದ್ದೆ. ಟೈಲರಮ್ಮ ತಡೆದರು. ಆ ಮನುಷ್ಯ ನಮ್ಮನೆಯವರಿಗೆ ಕುರ್ಚಿ ತಂದು ಹಾಕಿದ, ಕಾರಿನ ಬಾಗಿಲು ತೆಗೆದು ಹಿಡಿದುಕೊಂಡು ನಿಂತಿದ್ದ, ಅದನ್ನೂ ಬರೆಯಿರಿ ಎಂದರು. ಬರೆದಿದ್ದೇನೆ. ಕೋಪ ಮಾಡಿಕೊಳ್ಳಲು ಯಾರೂ ಸಿಗದೆ ನನಗೆ ತೊಂದರೆಯಾಯಿತು, ಅವರಿಗೇನೂ ಆಗಲಿಲ್ಲ.

೪

ಯಜಮಾನರು ಪಕ್ಕದ ಸೀಟಿನಲ್ಲಿ ಕೂತು ಇಂಜಿನ್ನನ್ನು ಕೇಳಿಸಿಕೊಂಡಿದ್ದರು. ನಲವತ್ತು ವರ್ಷ ಗಡಿಯಾರಕ್ಕೆ ಕಿವಿ ಕೊಟ್ಟವರು. ನಿಲ್ಲುವ ಮೊದಲು ಇಂಜಿನ್ನು ಒಂದು ಬಡಿತ ತಪ್ಪಿಸುತ್ತದೆ, ಆಗ ನಿನ್ನ ಕಾಲು ಕ್ಲಚ್ಚಿನ ಮೇಲೆ ಇರುವುದೇ ಇಲ್ಲ, ಬಿಸಿಯಾದಾಗ ಮಾತ್ರ ಹೀಗಾಗುತ್ತದೆ ಎಂದು ಹೆಂಡತಿಗೆ ಮತ್ತೆ ಮತ್ತೆ ಹೇಳಿದರು.

“ನೀವು ಹಾಗೇ ಹೇಳ್ತೀರ ಬಿಡಿ,” ಎಂದರು ಟೈಲರಮ್ಮ. “ನಾನು ಸುಟ್ಟಿರೋ ಶರ್ಟು ಕೊಟ್ರೂ ಚೆನ್ನಾಗಿದೆ ಅಂತ ಹಾಕ್ಕೊಂಡು ಹೋದವರು ನೀವು. ಈ ಮಾತು ಬೇರೆಯವರು ಯಾರಾದ್ರೂ ಹೇಳಲಿ. ನಾನು ಯಾರು ಅಂತ ಗೊತ್ತಿಲ್ದೇ ಇರೋರು ಹೇಳಲಿ.”

ಪ್ರೀತಿಯ ದೊಡ್ಡ ಕಷ್ಟ ಇದು. ಅದರ ಸಾಕ್ಷಿ ಎಲ್ಲೂ ನಡೆಯುವುದಿಲ್ಲ, ಮನೆಯೊಳಗಂತೂ ನಡೆಯುವುದೇ ಇಲ್ಲ.

೫

ನನಗೊಬ್ಬಳು ವಕೀಲೆ ಗೆಳತಿ ಇದ್ದಾಳೆ. ಅವಳಿಗೆ ಫೋನು ಮಾಡಿ, ಹೀಗೊಂದು ಕಥೆ ಬರೆಯುತ್ತಿದ್ದೇನೆ, ನಾಯಕಿಗೆ ದಾರಿ ತೋರಿಸು ಎಂದೆ. ಫೋನಿನಲ್ಲಿ ತೋರಿಸಲಾಗುವುದಿಲ್ಲ ಎಂದಳು. ಹಾಗಾಗಿ ಅವಳನ್ನೇ ಕಥೆಯೊಳಕ್ಕೆ ಕಳಿಸಿದೆ. ಅವಳು ತನ್ನ ಕಪ್ಪು ಕೋಟಿನ ಅಂಚು ಬಿಚ್ಚಿಕೊಂಡಿದೆ ಎಂದು ಟೈಲರಮ್ಮನ ಅಂಗಡಿಗೆ ಹೋದಳು. ಅಂಚು ಹೊಲಿಯುವಷ್ಟರಲ್ಲಿ ವಿಷಯವೆಲ್ಲ ತಿಳಿದುಕೊಂಡು, ತನಗೆ ಗೊತ್ತಿದ್ದಷ್ಟನ್ನು ಹೇಳಿದಳು. ಹಳೆಯ ಕಾರು ಅಂದ ಮಾತ್ರಕ್ಕೆ ಕೆಟ್ಟದ್ದನ್ನು ಕೊಡಬಹುದು ಎಂದಲ್ಲ. ಮಾರುವಾಗಲೇ ದೋಷ ಇದ್ದಿದ್ದರೆ ಮಾರಿದವರು ಸರಿಮಾಡಿಕೊಡಬೇಕು, ಆಗದಿದ್ದರೆ ವಾಪಸು ತೆಗೆದುಕೊಳ್ಳಬೇಕು. ಬಾಯಲ್ಲಿ ಜಗಳ ಬೇಡ, ತಾರೀಕು ಹಾಕಿ ಕಾಗದ ಬರೆಯಿರಿ. ಎರಡೂ ಕಡೆಯವರಲ್ಲದ ಒಬ್ಬ ಪರೀಕ್ಷಕರಿಂದ ಗಾಡಿ ನೋಡಿಸಿ. ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದಳು. ಆ ಪರೀಕ್ಷಕರು ನೋಡುವತನಕ ಗಾಡಿಗೆ ಯಾರೂ ಕೈ ಹಚ್ಚಬಾರದು.

ಟೈಲರಮ್ಮ ಶೋರೂಮಿಗೂ ಗ್ರಾಹಕರ ದೂರು ಕಚೇರಿಗೂ ಕಾಗದ ಬರೆದರು. ಗ್ರಾಹಕರ ದೂರು ಕಚೇರಿಯಿಂದ ಉತ್ತರ ಬಂತು. ಗುರುವಾರ ಬೆಳಿಗ್ಗೆ ಶೋರೂಮಿನಲ್ಲಿ ಪರೀಕ್ಷೆ. ಟೈಲರಮ್ಮ ಆ ಕಾಗದವನ್ನು ಮೆಷಿನ್ನಿನ ಡ್ರಾಯರಿನಲ್ಲಿಟ್ಟು ದಿನಕ್ಕೆರಡು ಸಲ ತೆಗೆದು ನೋಡುತ್ತಿದ್ದರು. ಯಾರೋ ಗೊತ್ತಿಲ್ಲದವರು ಬಂದು ತನ್ನ ಕಾಲಿನ ವಿಷಯ ಹೇಳಲಿದ್ದಾರೆ.

೬

ಬುಧವಾರ ಮಧ್ಯಾಹ್ನ ಯಜಮಾನರು ಕಾರಿಗೆ ಕೈ ಹಚ್ಚಿದರು.

ಬೇಡ ಎಂದು ನಾನು ಕೂಗಿಕೊಂಡೆ. ಇದೇ ಪುಟದಲ್ಲಿ ಕೂಗಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಕೆಟ್ಟದ್ದೊಂದು ಕಣ್ಣೆದುರಿಗಿದ್ದೂ ಸುಮ್ಮನಿರುವುದು ಈ ಮನುಷ್ಯನಿಗೆ ಯಾವತ್ತೂ ಬಂದದ್ದಲ್ಲ. ಮದುವೆಮನೆಯಲ್ಲೂ ನಿಂತ ಗೋಡೆ ಗಡಿಯಾರ ಕಂಡರೆ ಕುರ್ಚಿ ಹತ್ತುತ್ತಿದ್ದವರು. ಹೆಂಡತಿ ಅಂಗಡಿಯಲ್ಲಿದ್ದಾಗ ಇಂಜಿನ್ನನ್ನು ಚೆನ್ನಾಗಿ ಕಾಯಿಸಿದರು, ಅದು ನಿಂತಾಗ ಮುಚ್ಚಳ ತೆಗೆದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದರು. ಇಂಜಿನ್ನಿಗೆ ಸುದ್ದಿ ಮುಟ್ಟಿಸುವ ಸಣ್ಣ ಸೆನ್ಸರಿನ ವೈರೊಂದು ಬಿರುಕು ಬಿಟ್ಟಿತ್ತು. ಕಾದಾಗ ಹಿಗ್ಗಿ ಬೇರೆಯಾಗುತ್ತಿತ್ತು, ತಣ್ಣಗಾದಾಗ ಮತ್ತೆ ಕೂಡುತ್ತಿತ್ತು. ಅದರ ಮೇಲೆ ಯಾರೋ ಬಹಳ ಹಿಂದೆಯೇ ಕಪ್ಪು ಟೇಪು ಸುತ್ತಿದ್ದರು.

ಬಲಗೈ ನಡುಗುತ್ತಿತ್ತು. ಹೆಂಡತಿಯ ಅಳತೆ ಟೇಪಿನಿಂದ ಬಲ ಮಣಿಕಟ್ಟನ್ನು ಎಡಗೈಗೆ ಕಟ್ಟಿಕೊಂಡು, ಹಳೆಯ ತುಂಡನ್ನು ಕತ್ತರಿಸಿ, ಹೊಸ ತುಂಡನ್ನು ಬೆಸುಗೆ ಹಾಕಿದರು. ಹತ್ತು ನಿಮಿಷದ ಕೆಲಸಕ್ಕೆ ಎರಡೂವರೆ ಗಂಟೆ ಹಿಡಿಯಿತು. ಹದಿನಾಲ್ಕು ತಿಂಗಳಲ್ಲಿ ಆ ಕೈ ಮಾಡಿದ ಮೊದಲ ಕೆಲಸ ಅದು.

ಸಂಜೆ ಬಂದ ಹೆಂಡತಿಯನ್ನು ಬಾಗಿಲಲ್ಲೇ ತಡೆದು ಕೂರಿಸಿ, ಇಂಜಿನ್ನು ಶುರು ಮಾಡಿದರು. ನಲವತ್ತು ನಿಮಿಷ ಓಡಿತು, ನಿಲ್ಲಲಿಲ್ಲ. ಅವರ ಮುಖ ನೋಡಬೇಕಿತ್ತು ನೀವು.

ಟೈಲರಮ್ಮನ ಮುಖವನ್ನು ನಾನು ನೋಡಲಿಲ್ಲ. ಆ ಹೊತ್ತಿನಲ್ಲಿ ನೋಡಬಾರದು ಅನ್ನಿಸಿತು.

೭

ಗಡಿಯಾರದ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ತೆಗೆದ ಹಳೆಯ ಭಾಗವನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಗಿರಾಕಿಗೆ ವಾಪಸು ಕೊಡುವುದು, ಪೊಟ್ಟಣದ ಮೇಲೆ ಏನು ಕೆಟ್ಟಿತ್ತು, ಯಾರಿಂದ ಕೆಟ್ಟಿತು ಎಂದು ಬರೆಯುವುದು. ಇದರಲ್ಲಿ ಯಜಮಾನರು ಯಾರ ಮುಲಾಜನ್ನೂ ನೋಡುತ್ತಿರಲಿಲ್ಲ. ಅತ್ತೆಯ ಅಲಾರಂ ಗಡಿಯಾರದ ಪೊಟ್ಟಣದ ಮೇಲೆ “ಗಿರಾಕಿ ಸೋಪು ಹಾಕಿ ತೊಳೆದಿದ್ದಾರೆ” ಎಂದು ಬರೆದು, ಒಂದು ವರ್ಷ ಮಾವನ ಮನೆಯಲ್ಲಿ ಮಾತಿಲ್ಲದೆ ಊಟ ಮಾಡಿದವರು.

ಅವತ್ತೂ ಒಂದು ಪೊಟ್ಟಣವನ್ನು ಹೆಂಡತಿಯ ಕೈಗಿಟ್ಟರು. ಒಳಗೆ ಟೇಪು ಸುತ್ತಿದ ವೈರಿನ ತುಂಡು. ಮೇಲೆ ಅಂಕುಡೊಂಕು ಅಕ್ಷರ: “ವೈರು ಬಿರುಕು. ಹಳೆಯದು. ಗಿರಾಕಿಯ ತಪ್ಪಿಲ್ಲ.”

ಟೈಲರಮ್ಮ ಅದನ್ನು ತುಂಬ ಹೊತ್ತು ಓದಿದರು. ನಾಳೆ ಪರೀಕ್ಷೆ ಇದೆ ಎಂದು ನೆನಪಿಸಲಿಲ್ಲ. ಯಜಮಾನರಿಗೆ ಅದು ಆಗಲೇ ನೆನಪಾಗಿ, ಅವರ ಮುಖ ಸಣ್ಣದಾಗಿತ್ತು.

“ರೀ, ಒಂದು ನಿಜ ಹೇಳಿ. ಇದನ್ನ ಬರೆದದ್ದು ಗಡಿಯಾರದವರಾ, ನನ್ನ ಗಂಡನಾ?”

ಅವರು ಕೈಯನ್ನು ತಿರುಗಿಸಿ ನೋಡಿಕೊಂಡರು.

“ನನ್ನ ಹತ್ರ ಇರೋದೇ ಒಂದೂವರೆ ಕೈ. ಅದರಲ್ಲಿ ಇಬ್ಬರು ಹೇಗೆ ಬರೀತಾರೆ ಹೇಳು?”

೮

ಇಲ್ಲಿ ಮುಗಿಸಬಹುದಿತ್ತು. ಮುಗಿಸುವುದಕ್ಕೆ ನಾನು ಸಾಕಷ್ಟು ಪ್ರಯತ್ನವನ್ನೂ ಮಾಡಿದೆ.

ಮುಕ್ತಾಯ ಒಂದು: ಯಜಮಾನರು ಬೆಸುಗೆ ಬಿಚ್ಚಿ ಹಳೆಯ ವೈರನ್ನೇ ಮತ್ತೆ ಹಾಕುತ್ತಾರೆ, ಗುರುವಾರ ಕಾರು ಪರೀಕ್ಷಕರ ಎದುರಿಗೇ ನಿಲ್ಲುತ್ತದೆ. ಅವರನ್ನು ಕಾರಿನ ಹತ್ತಿರದವರೆಗೂ ಕರೆದೊಯ್ದೆ. ಮುಚ್ಚಳ ತೆಗೆದು ತಮ್ಮ ಬೆಸುಗೆಯನ್ನು ನೋಡುತ್ತಾ ನಿಂತರು. ಬಿಚ್ಚುವುದಾದರೆ ತಾನೇ ಬಿಚ್ಚುತ್ತೇನೆ ಎಂದು ಕತ್ತರಿ ಹಿಡಿದು ಬಂದ ಹೆಂಡತಿಯೂ ನೋಡಿದರು. ಇಬ್ಬರೂ ಮುಚ್ಚಳ ಹಾಕಿ ಒಳಗೆ ಹೋದರು. ನನ್ನನ್ನು ಕರೆಯಲೂ ಇಲ್ಲ.

ಮುಕ್ತಾಯ ಎರಡು: ನಗುಮುಖ ಪಶ್ಚಾತ್ತಾಪದಿಂದ ಅಳುತ್ತಾನೆ. (ಅಳಲು ಅವನು ಒಪ್ಪಲಿಲ್ಲ. ಟೇಪಿನ ವಿಷಯ ತನಗೆ ನಿಜವಾಗಿಯೂ ಗೊತ್ತಿರಲಿಲ್ಲವಂತೆ. ಇರಬಹುದು.)

ಮುಕ್ತಾಯ ಮೂರು: ವಕೀಲೆ ಗೆಳತಿ ಬಂದು ಗರ್ಜಿಸುತ್ತಾಳೆ. ಅವಳಿಗೆ ಪುರುಸೊತ್ತಿಲ್ಲ. ಕೈ ಹಚ್ಚಬೇಡಿ ಅಂತ ಹೇಳಿರಲಿಲ್ಲವಾ ಎಂದು ನನ್ನ ಮೇಲೆಯೇ ರೇಗಿ ಫೋನಿಟ್ಟಳು.

೯

ಗುರುವಾರ. ಟೈಲರಮ್ಮ ತಾವೇ ಓಡಿಸಿಕೊಂಡು ಬಂದರು. ಕಾರು ಎಲ್ಲೂ ನಿಲ್ಲಲಿಲ್ಲ. ಆದರೆ ಇದರಿಂದ ಅವರಿಗೆ ಸಮಾಧಾನವೇನೂ ಆಗಲಿಲ್ಲ. ಕಾರು ಸರಿಹೋಯಿತೋ, ಇವತ್ತು ಮಾತ್ರ ಕಾಲು ಸರಿಯಾಗಿ ಕೂತಿತೋ ಹೇಳುವವರು ಯಾರು?

ಪರೀಕ್ಷಕರು ವಯಸ್ಸಾದವರು, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಬಂದರು. ಫಾರಂ ತೆಗೆದು, ಹೊರಗಿನವರು ಯಾರಾದರೂ ರಿಪೇರಿ ಮಾಡಿದ್ದಾರೆಯೇ ಎಂದು ಮೊದಲು ಕೇಳಿದರು. ಹೌದೆಂದರೆ ವಾರಂಟಿ ರದ್ದು ಎಂದು ಶೋರೂಮಿನ ಕಾಗದದಲ್ಲಿ ಬರೆದಿತ್ತು. ನಗುಮುಖ ಪಕ್ಕದಲ್ಲೇ ನಿಂತಿದ್ದ. ಯಜಮಾನರು ನೆಲ ನೋಡುತ್ತಿದ್ದರು. ಇಲ್ಲ ಅನ್ನಿ, ಇಲ್ಲ ಅಂದುಬಿಡಿ ಎಂದು ನಾನು ಟೈಲರಮ್ಮನ ಕಿವಿಯಲ್ಲಿ ಪಿಸುಗುಟ್ಟಿದೆ.

“ಮಾಡಿದಾರೆ. ನಮ್ಮನೆಯವರು,” ಎಂದರು ಟೈಲರಮ್ಮ. ಅಳತೆ ಹೇಳುವಷ್ಟೇ ಸ್ಪಷ್ಟವಾಗಿ ಹೇಳಿದರು. “ನಿನ್ನೆ ಮಧ್ಯಾಹ್ನ. ಕೈ ಬಿದ್ದುಹೋಗಿತ್ತು ಅವರಿಗೆ. ಇದು ಅವರೇ ಹಾಕಿರೋ ಬೆಸುಗೆ, ನೋಡಿ.”

ಯಜಮಾನರು ತಲೆಯೆತ್ತಿದರು. ಅವರ ಕಣ್ಣು ತುಂಬಿತ್ತು. ನನ್ನದೂ ತುಂಬಿತ್ತು, ಮುಚ್ಚಿಡುವುದೇನಿದೆ.

ಹಾಗಾದರೆ ವಾರಂಟಿ ಹೋಯಿತಲ್ಲ ಮೇಡಂ ಎಂದ ನಗುಮುಖ. ಖುಷಿಯಿಂದ ಹೇಳಲಿಲ್ಲ. ಪರೀಕ್ಷಕರು ಕೈಯೆತ್ತಿ ಅವನನ್ನು ಸುಮ್ಮನಾಗಿಸಿದರು. ವಾರಂಟಿಯ ವಿಷಯ ನೀವು ನೀವೇ ನೋಡಿಕೊಳ್ಳಿ, ಮಾರುವಾಗ ಗಾಡಿ ಹೇಗಿತ್ತು ಎಂಬುದಷ್ಟೇ ತನ್ನ ಕೆಲಸ ಎಂದರು. ಟೈಲರಮ್ಮ ಕೊಟ್ಟ ಪೊಟ್ಟಣವನ್ನು ಬಾನೆಟ್ಟಿನ ಮೇಲೆ ಬಿಚ್ಚಿದರು. ಟೇಪಿನ ತುದಿಯನ್ನು ಉಗುರಿನಿಂದ ಕೆರೆದರು. ಒಳಗೆ ಬಗ್ಗಿ ಬೆಸುಗೆಯನ್ನು ನೋಡಿದರು. ಇಂಜಿನ್ನು ಕಾದಾಗ ಎಷ್ಟು ಹೊತ್ತಿಗೆ ನಿಲ್ಲುತ್ತಿತ್ತು, ಆಗ ಕಾಲು ಎಲ್ಲಿತ್ತು ಎಂದು ಟೈಲರಮ್ಮನನ್ನೇ ಕೇಳಿದರು. ಆಮೇಲೆ ಫಾರಂನ ಕೊನೆಯ ಕಾಲಮಿಗೆ ಬಂದರು. “ದೋಷಕ್ಕೆ ಕಾರಣ: ವಾಹನ / ಚಾಲಕರು.” ಪೆನ್ನಿನ ಕ್ಯಾಪು ತೆಗೆದರು.

ನಾನು ಇಣುಕಿದೆ. ಟೈಲರಮ್ಮ ನನ್ನ ಹಾಳೆಯ ಮೇಲೆ ಅಂಗೈ ಇಟ್ಟರು.

“ನೀವು ಬರೀಬೇಡಿ.”

ನಿಮ್ಮ ಪರವಾಗಿಯೇ ಬರೆಯುತ್ತೇನೆ ಎಂದೆ.

“ಅದಕ್ಕೇ ಬೇಡ ಅಂದಿದ್ದು. ಇಷ್ಟು ದಿನದಿಂದ ನಮ್ಮ ಜೊತೆ ಇದ್ದೀರ. ಈಗ ನೀವೂ ನಮ್ಮನೆಯವರ ಥರಾನೇ. ನಿಮ್ಮ ಮಾತು ನಡೆಯಲ್ಲ.”

ಅವರು ಹೇಳಿದ್ದು ಸರಿ. ವೈರಿನಲ್ಲಿ ಬಿರುಕು ಬಿಡಿಸಿದ್ದು ನಾನೇ, ಅದರ ಮೇಲೆ ಹಳೆಯ ಟೇಪು ಸುತ್ತಿದ್ದೂ ನಾನೇ. ಮೊದಲ ಪುಟದಿಂದ ಅವರ ಕಡೆಗೇ ವಾಲಿಕೊಂಡು ಬಂದಿದ್ದೇನೆ. ನಿಮ್ಮನ್ನು ಕೇಳೋಣವೆಂದರೆ, ಇಲ್ಲಿಯವರೆಗೆ ಬಂದ ಮೇಲೆ ನೀವೂ ಹೊರಗಿನವರಾಗಿ ಉಳಿದಿಲ್ಲ.

ಹಾಗಾಗಿ ಯಜಮಾನರು, ನಾನು, ನೀವು, ಮೂವರೂ ಗೇಟಿನ ಹತ್ತಿರ ನಿಂತಿದ್ದೇವೆ. ಅಲ್ಲಿ ಗುರುತಿಲ್ಲದ ಒಬ್ಬ ಮನುಷ್ಯ ನಿಧಾನವಾಗಿ ಬರೆಯುತ್ತಿದ್ದಾರೆ. ಟೈಲರಮ್ಮ ಓದಲು ಬಗ್ಗಿದ್ದಾರೆ. ಇಲ್ಲಿಂದ ಅವರ ಬೆನ್ನಷ್ಟೇ ಕಾಣುತ್ತಿದೆ.