ಕತ್ತರಿಸದ ನೀರಿನ ಗೆರೆ

ನಾನು ಒಂದು ಗಾಜಿನ ನಳಿಕೆ. ಗೇಣಿಗೆ ತುಸು ಕಡಿಮೆ ಉದ್ದ, ಪೆನ್ಸಿಲಿಗಿಂತ ತೆಳ್ಳಗೆ, ತಲೆಗೊಂದು ಕೆಂಪು ಟೊಪ್ಪಿ. ದೂರದ ಯಾವುದೋ ಕುಲುಮೆಯಲ್ಲಿ ಹುಟ್ಟಿದೆ. ಹುಟ್ಟಿದ ದಿನವೇ ನನ್ನನ್ನು ಉರುಳಿಸಿ ನೋಡಿ, ಎಳ್ಳಷ್ಟೂ ಡೊಂಕಿಲ್ಲವೆಂದು ಖಾತ್ರಿ ಮಾಡಿಕೊಂಡರು. ನನ್ನ ಕುಲಕ್ಕೆ ಇರುವುದು ಅದೊಂದೇ ಜಂಬ.

ಕಡಲಿಗೆ ಹತ್ತಿರದ ಒಂದು ವಿಶ್ವವಿದ್ಯಾಲಯಕ್ಕೆ ಬಂದೆ. ಅಲ್ಲಿ ಆಳೆತ್ತರದ ಅಯಸ್ಕಾಂತವೊಂದಿತ್ತು. ಅದರ ಹೊಟ್ಟೆಯೊಳಗೆ ಗಾಳಿಯ ಮೇಲೆ ತೇಲುತ್ತ ಇಳಿದು ಗಿರಗಿರನೆ ತಿರುಗುವುದು ನನ್ನ ಕೆಲಸ. ನನ್ನೊಳಗಿನ ದ್ರವದಲ್ಲಿ ಯಾವ ಅಣು ಹೇಗಿದೆ ಎಂಬುದನ್ನು ಯಂತ್ರ ಕಾಗದದ ಮೇಲೆ ಎತ್ತರ ತಗ್ಗಿನ ಗೆರೆಗಳಾಗಿ ಬರೆಯುತ್ತಿತ್ತು.

ಮೊದಲು ಸದಾಶಿವ ಎಂಬ ಸಂಶೋಧಕನ ಪಾಲಾದೆ. ನಳಿಕೆ ತೊಳೆಯುವುದೆಂದರೆ ಆ ಪುಣ್ಯಾತ್ಮನಿಗೆ ಚಳಿಜ್ವರ. ಅವನು ಪದವಿ ಮುಗಿಸಿ ಹೊರಟಾಗ ನನ್ನನ್ನು ಹಿಲ್ಡಾ ಲೋಬೊಳ ಕೈಗಿಟ್ಟ. ನನ್ನ ಅದೃಷ್ಟ ತೆರೆದದ್ದು ಆಗಲೇ.

ಹಿಲ್ಡಾ ಎರಡು ವರ್ಷ ಹೆಣಗಿ ಒಂದು ಅಣುವನ್ನು ಕಟ್ಟಿದ್ದಳು. ಬೋಗುಣಿಯಂಥ ಅಣು, ಒಳಗೆ ನಾಲ್ಕು ಕೈ. ಉಪ್ಪಿನಲ್ಲಿರುವ ಕ್ಲೋರೈಡ್ ಎಂಬ ಋಣ ವಿದ್ಯುತ್ತಿನ ಕಣವನ್ನು ಹಿಡಿದುಕೊಳ್ಳಬೇಕೆಂದೇ ಮಾಡಿದ ಕೈಗಳು. ಏಪ್ರಿಲಿನಲ್ಲಿ ಅವಳು ಅಳೆದಾಗ ಹಿಡಿತ ಉಡದ ಪಟ್ಟಿನಂತೆ ಗಟ್ಟಿಯಾಗಿತ್ತು. ಜುಲೈಯಲ್ಲಿ ಅದೇ ಅಣು, ಅದೇ ಉಪ್ಪು, ಅದೇ ನಾನು. ಹಿಡಿತ ಮಾತ್ರ ಅರ್ಧಕ್ಕಿಂತಲೂ ಕೆಳಗಿಳಿದಿತ್ತು.

ಅವಳ ಮಾರ್ಗದರ್ಶಕರಾದ ಪ್ರೊಫೆಸರ್ ಕೆದಿಲಾಯರು ಕೆಟ್ಟವರಲ್ಲ, ಕಟ್ಟುನಿಟ್ಟಿನವರು. "ಏಪ್ರಿಲಿನ ಅಂಕಿ ಎಲ್ಲಿಂದ ಬಂತಮ್ಮಾ? ಚಂದ ಕಾಣ್ಲಿಕ್ಕೆ ಬರೆದದ್ದಲ್ಲ ಅಲ್ವಾ?" ಎಂದು ಕೇಳಿದರು. "ಸೋಮವಾರದೊಳಗೆ ಕಾರಣ ಸಿಗದಿದ್ದರೆ ಈ ಅಧ್ಯಾಯ ತೆಗೆದುಬಿಡುವ."

ಅಧ್ಯಾಯ ಹೋದರೆ ಪ್ರಬಂಧದಲ್ಲಿ ಉಳಿಯುವುದೇನು? ಅದಕ್ಕಿಂತ, ಸುಳ್ಳಿ ಎಂಬ ಹೆಸರು! ಹಿಲ್ಡಾ ತುಟಿ ಕಚ್ಚಿಕೊಂಡು ಲ್ಯಾಬಿಗೆ ಬಂದಳು. ನಾನೇ ಕೊಳಕಾಗಿರಬೇಕೆಂದು ಮೂರು ಸಲ ತೊಳೆದಳು, ಒಣಗಿಸಿದಳು. ನನಗೆ ಬೇಸರವಾಗಲಿಲ್ಲ, ಅವಳಿಗಾಗಿ ಸಂಕಟವಾಯಿತು. ಕಾರಣ ನನಗೆ ಗೊತ್ತಿತ್ತು. ಹೇಳಲು ಮಾತ್ರ ಬಾಯಿದ್ದೂ ಮೂಕ ನಾನು.

ಅಣುವನ್ನೂ ಉಪ್ಪನ್ನೂ ಕರಗಿಸಲು ಲ್ಯಾಬಿನವರೆಲ್ಲ ಬಳಸುವ ದ್ರಾವಕದ ಬಾಟಲಿ ಒಂದೇ. ಆ ದ್ರಾವಕಕ್ಕೆ ಗಾಳಿಯ ತೇವ ಹೀರುವ ಚಪಲ. ಇವರಿಗೋ ಮುಚ್ಚಳ ತೆಗೆದಿಟ್ಟು ಹರಟುವ ಚಪಲ. ಮಳೆಗಾಲದಲ್ಲಿ ಇನ್ನು ಕೇಳಬೇಕೆ? ಒಳಗೆ ಸೇರಿದ ನೀರಿನ ಅಣುಗಳು ಕ್ಲೋರೈಡನ್ನು ಸುತ್ತುಗಟ್ಟಿ ಅಪ್ಪಿಕೊಳ್ಳುತ್ತಿದ್ದವು. ಬೋಗುಣಿಯ ಕೈಗಳಿಗೂ ಜೋತುಬೀಳುತ್ತಿದ್ದವು. ಪಾಪ, ಆ ನಾಲ್ಕು ಕೈಗಳು ಯಾರನ್ನು ಬಿಡಿಸಿ ಯಾರನ್ನು ಹಿಡಿದಾವು?

ಯಂತ್ರ ಇದನ್ನು ಪ್ರತಿ ಸಲವೂ ಬರೆಯುತ್ತಿತ್ತು. ಆದರೆ ತಮಗೆ ಬೇಕಾದ ಗೆರೆಗಳಷ್ಟನ್ನೇ ಕತ್ತರಿಸಿ ಪುಸ್ತಕಕ್ಕೆ ಅಂಟಿಸುವುದು ಆ ಲ್ಯಾಬಿನ ಪದ್ಧತಿ. ನೀರಿನ ಗೆರೆ ಎಲ್ಲರ ಕಾಗದದಲ್ಲೂ ಇರುವಂಥದ್ದು. ಅದು ನೇರ ಕಸದ ಬುಟ್ಟಿಗೆ.

ಶನಿವಾರ ಮಧ್ಯಾಹ್ನ ಹಿಲ್ಡಾ ಹೊಸ ಕಾಗದಕ್ಕೆ ಕತ್ತರಿ ಇಟ್ಟಳು. ಯಂತ್ರ ನೋಡಿಕೊಳ್ಳುವ ವಾಮನ ಬಂಗೇರರು ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದರು.

"ಸ್ವಲ್ಪ ನಿಲ್ಲಿ ಮಾರಾಯ್ತಿ. ನೀವೆಲ್ಲ ಅದನ್ನು ಬಿಸಾಡುದು ಯಾಕೆ?"

"ಅದು ನೀರಿಂದು ಬಂಗೇರಣ್ಣ. ಅದರಲ್ಲಿ ಎಂತ ಉಂಟು?"

ಬಂಗೇರರು ಏನನ್ನೂ ಎಸೆಯದ ಜಾತಿ. ಕಪಾಟಿನಿಂದ ಏಪ್ರಿಲಿನ ಕಾಗದದ ಕತ್ತರಿಸದ ಇನ್ನೊಂದು ಪ್ರತಿ ಹುಡುಕಿ ತಂದು ಪಕ್ಕಕ್ಕೆ ಹಿಡಿದರು. "ಆಗ ಇದು ಹುಲ್ಲಿನಷ್ಟಿತ್ತು. ಈಗ ನೋಡಿ, ತೆಂಗಿನಮರದಷ್ಟುಂಟು!"

ಹಿಲ್ಡಾ ಕತ್ತರಿ ಕೆಳಗಿಟ್ಟಳು. ಹೊಸ ಬಾಟಲಿಯ ಮುದ್ರೆ ಒಡೆದು, ಒಣ ದ್ರಾವಕದಲ್ಲಿ ಅಳೆದಳು. ಏಪ್ರಿಲಿನ ಹಿಡಿತ ಮರಳಿ ಬಂತು. ಆಮೇಲೆ ಬೇಕೆಂದೇ ನೀರು ಬೆರೆಸುತ್ತ ಹೋದಳು. ಒಂದೊಂದು ಹನಿಗೂ ಹಿಡಿತ ಸಡಿಲವಾಯಿತು. ಭಾನುವಾರವಿಡೀ ಅಯಸ್ಕಾಂತದೊಳಗೆ ಇಳಿದೆ, ಹತ್ತಿದೆ. ಅಷ್ಟು ಸುಖವಾಗಿ ನಾನು ಎಂದೂ ದುಡಿದಿಲ್ಲ.

ಸೋಮವಾರ ಕೆದಿಲಾಯರು ಲ್ಯಾಬಿಗೇ ಬಂದು ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ, ಒಂದೊಂದು ನೀರಿನ ಗೆರೆಯ ಮೇಲೂ ಬೆರಳಾಡಿಸಿದರು. ಕನ್ನಡಕ ತೆಗೆದು ಹೇಳಿದರು: "ಹದಿನೆಂಟು ವರ್ಷದಿಂದ ನಾನೂ ಈ ಗೆರೆ ಕತ್ತರಿಸುತ್ತ ಬಂದಿದ್ದೇನೆ ಹಿಲ್ಡಾ. ನಿನ್ನ ಮೇಲೆ ಸಂಶಯಪಟ್ಟದ್ದು ನನ್ನ ತಪ್ಪು. ಈ ಅಧ್ಯಾಯವನ್ನು ಮೊದಲಿಗೆ ಹಾಕುವ." ಹಿಲ್ಡಾ ಅಲ್ಲೇ ಅತ್ತಳು.

ಆ ಸಡಗರದಲ್ಲಿ ಅವಳ ಮೊಣಕೈ ತಗಲಿ ನನ್ನ ಬಾಯಿಯ ಅಂಚು ಚಕ್ಕೆಯೆದ್ದಿತು. ಬಿರುಕಿದ್ದವರಿಗೆ ಅಯಸ್ಕಾಂತದೊಳಗೆ ಪ್ರವೇಶವಿಲ್ಲ. ಒಡೆದ ಗಾಜಿನ ಡಬ್ಬಿಗೆ ಬೀಳಬೇಕಿದ್ದ ನನ್ನನ್ನು ಬಂಗೇರರು ಕೈಚಾಚಿ ಇಸಿದುಕೊಂಡರು.

ಈಗ ಅವರ ಮೇಜಿನ ಮೇಲೆ ಮರದ ತುಂಡೊಂದರ ತೂತಿನಲ್ಲಿ ನಿಂತಿದ್ದೇನೆ, ಒಂದು ಎಳೆ ತುಳಸಿ ಕುಡಿಯನ್ನು ಹೊತ್ತುಕೊಂಡು. ಪಕ್ಕದಲ್ಲಿ ಹಿಲ್ಡಾಳ ಪ್ರಬಂಧ, ನೀರಿನ ಗೆರೆ ಪೂರ್ತಿ ಅಚ್ಚಾದ ಪುಟಕ್ಕೆ ತೆರೆದುಕೊಂಡಿದೆ. ಹೊಸಬರು ಕತ್ತರಿ ಹಿಡಿದು ಬಂದರೆ ಬಂಗೇರರು ಮಾತಾಡುವುದಿಲ್ಲ, ಆ ಪುಟ ತೋರಿಸುತ್ತಾರೆ. ತೊಳೆದ ಕೈಗೂ ಉಳಿಸಿದ ಕೈಗೂ ನಾನು ಋಣಿ. ಬದುಕಿಡೀ ಒಣಗಿಸಿಕೊಂಡ ನನ್ನೊಳಗೆ ಈಗ ಕುತ್ತಿಗೆಯವರೆಗೆ ನೀರು. ತುಳಸಿ ನಿನ್ನೆ ಬೇರು ಬಿಟ್ಟಿದೆ.