ಶನಿವಾರದ ಸಾಲು

ಬಾಯ್ಲರ್ ಇನ್‌ಸ್ಪೆಕ್ಟರ್ ತಪಾಸಣೆಗೆ ಹೋದ ಕಡೆ ಒಂದು ಲೋಟ ಟೀ ಕೂಡ ಮುಟ್ಟುತ್ತಿರಲಿಲ್ಲ. ಆಫೀಸಿನವರು ಬೆನ್ನ ಹಿಂದೆ ‘ಒಣಗಂಟಲು ಸಾಹೇಬ್ರು’ ಅಂತ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ, ಇಪ್ಪತ್ತೆರಡು ವರ್ಷ ಕೈ ಚಾಚದೆ ಸರ್ವಿಸ್ ಮಾಡುವುದೇನು ಹುಡುಗಾಟವೇ? ಆದರೆ ಲಂಚ ತಿನ್ನದವನನ್ನು ಬೀಳಿಸಲಿಕ್ಕೂ ದಾರಿಗಳಿವೆ. ಅವನನ್ನು ಬೀಳಿಸಿದ್ದು ಸಂಬಂಧ.

ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯ ಮಾಲೀಕ ಇವನ ಮಗಳ ಜ್ಞಾನಸ್ನಾನದಲ್ಲಿ ಜ್ಞಾನತಂದೆಯಾಗಿ, ಅಂದರೆ ಚರ್ಚಿನ ಲೆಕ್ಕದಲ್ಲಿ ಎರಡನೇ ಅಪ್ಪನಾಗಿ, ನಿಂತವನು. ಶುಕ್ರವಾರ ಅಲ್ಲಿಯ ಬಾಯ್ಲರ್ ನೋಡಲು ಹೋದಾಗ ಸೇಫ್ಟಿ ವಾಲ್ವ್ ಅಂಟಿಕೊಂಡಿತ್ತು. ಪ್ರೆಷರ್ ಹೆಚ್ಚಾದರೆ ತಾನಾಗಿಯೇ ತೆರೆದು ಹಬೆ ಹೊರಗೆ ಬಿಡಬೇಕಾದ ವಾಲ್ವ್ ಅದು. ಪ್ರೆಷರ್ ಮೀಟರಿನ ಮುಳ್ಳು ಕೆಂಪು ಗೆರೆ ದಾಟಿತು, ವಾಲ್ವ್ ಮಿಸುಕಲಿಲ್ಲ. ಇವನೇ ಓಡಿ ಉರಿ ತಗ್ಗಿಸಿದ. ಬಾಯ್ಲರ್ ನೋಡಿಕೊಳ್ಳುವ ಕೆಲಸಗಾರ ಊಟಕ್ಕೆ ಹೋಗಿದ್ದ. ಎಲ್ಲರೂ ಅವನನ್ನು ‘ಬೆಂಕಿಯಣ್ಣ’ ಅಂತಲೇ ಕರೆಯುತ್ತಿದ್ದರು. ಅವನು ಅಲ್ಲಿರದ ಕಾರಣ ವಾಲ್ವಿನ ಸಂಗತಿ ಗೊತ್ತಾದದ್ದು ಇವನಿಗೆ ಮತ್ತು ಜೊತೆಗಿದ್ದ ಮಾಲೀಕನಿಗೆ ಮಾತ್ರ.

ಮಾಲೀಕ ಕೈ ಹಿಡಿದುಕೊಂಡ. ಬೀಗ ಹಾಕಿದರೆ ಆಪರೇಷನ್ ಥಿಯೇಟರಿಗೆ ಬಟ್ಟೆ ಇರುವುದಿಲ್ಲ, ಹೊಸ ವಾಲ್ವ್ ಹತ್ತು ದಿನದಲ್ಲಿ ಬರುತ್ತದೆ, ಅಲ್ಲಿಯವರೆಗೆ ಪ್ರೆಷರ್ ಅರ್ಧದ ಮೇಲೆ ಏರಿಸುವುದಿಲ್ಲ, ಮಗಳಾಣೆ ಅಂದ. ಯಾರ ಮಗಳೋ! ಇನ್‌ಸ್ಪೆಕ್ಟರ್ ‘ವಾಲ್ವ್ ಸರಿಯಿದೆ’ ಅಂತ ಬರೆದು ಸಹಿ ಹಾಕಿದ.

ಶನಿವಾರ ಸಂಜೆ ಅವನು ಪಾಪನಿವೇದನೆಗೆ ಹೋಗಿ ಚರ್ಚಿನ ಗೋಡೆಯ ಪಕ್ಕದ ಸಾಲಿನಲ್ಲಿ ನಿಂತ. ತಲೆ ಬಾಚಿಕೊಂಡು ಬಂದು ಅವನ ಹಿಂದೆಯೇ ನಿಂತವನು ಬೆಂಕಿಯಣ್ಣ. ಸಾಹೇಬ್ರಿಗೆಂಥ ಪಾಪ, ಬೇಗ ಮುಗಿಸಿ ಬನ್ನಿ, ನಂದು ಪಟ್ಟಿ ಉದ್ದ ಇದೆ ಅಂತ ಪಿಸುಗುಟ್ಟಿ ನಕ್ಕ. ಇವನೂ ನಕ್ಕ.

ಜಾಲರಿಯಾಚೆ ವಯಸ್ಸಾದ ಗುರುಗಳು ಎಲ್ಲ ಕೇಳಿಸಿಕೊಂಡರು. ಭಾನುವಾರ ಲಾಂಡ್ರಿಗೆ ರಜೆಯೆಂದು ಖಚಿತ ಮಾಡಿಕೊಂಡರು. ಆಮೇಲೆ ಅಂದರು: “ದೇವರು ಕ್ಷಮಿಸುತ್ತಾನೆ. ಆದರೆ ಸೋಮವಾರ ಅವರು ಉರಿ ಹಚ್ಚೋಕೆ ಮುಂಚೆ ಹೋಗಿ ಅದನ್ನ ನಿಲ್ಲಿಸು.” ಇವನು ಆಗಲಿ ಫಾದರ್ ಅಂದ.

ಅವನು ಎಡವಿದ್ದು ಇಲ್ಲೇ ನೋಡಿ. ಹೊರಗೆ ಬರುವಾಗ ಎದೆ ಹಗುರವಾಗಿತ್ತು. ಎದೆ ಹಗುರವಾದದ್ದೇ ತಡ, ಕೆಲಸವೂ ಮುಗಿಯಿತು ಅನ್ನಿಸಿಬಿಟ್ಟಿತು. ಪಾಪಿಷ್ಠನಾಗಿದ್ದರೆ ಹೆದರಿಯಾದರೂ ಓಡುತ್ತಿದ್ದ. ಕ್ಷಮೆ ಸಿಕ್ಕವನು ನಿದ್ದೆ ಮಾಡಿದ. ಸೋಮವಾರ ಮೀಟಿಂಗ್ ಇತ್ತು. ಮಾಲೀಕನಿಗೆ ಫೋನ್ ಮಾಡಿದ, ಅವನು ಅರ್ಧದಲ್ಲೇ ಓಡಿಸ್ತಿದೀನಿ ಅಂದ. ಮಂಗಳವಾರ ಫೈಲುಗಳಿದ್ದವು. ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಬಾಯ್ಲರ್ ಸಿಡಿದು ಬೆಂಕಿಯಣ್ಣ ಸತ್ತ.

ಶವಪೆಟ್ಟಿಗೆಯ ಮುಚ್ಚಳ ತೆಗೆಯುವ ಸ್ಥಿತಿ ಇರಲಿಲ್ಲ. ಕುಡಿದು ಮಲಗಿದ್ದನಂತೆ, ವಾಲ್ವ್ ತೆರೆಯದ ಹಾಗೆ ತಂತಿ ಬಿಗಿದಿದ್ದನಂತೆ ಎಂಬ ಮಾತು ಮಣ್ಣಿಗೆ ಮುಂಚೆಯೇ ಚರ್ಚಿನ ಬಾಗಿಲಿಗೆ ಬಂದಿತ್ತು. ಹಬ್ಬಿಸಿದ್ದು ಮಾಲೀಕ. ಗುರುಗಳ ಕಿವಿಗೂ ಅದು ಬಿದ್ದಿತ್ತು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಪ್ರಾಣ ಹೋದರೂ ಅವರು ಬಾಯಿಬಿಡುವಂತಿಲ್ಲ. ಪೂಜೆಯಲ್ಲಿ ರೊಟ್ಟಿ ಎತ್ತಿ ಹಿಡಿದಾಗ ಅವರ ಕೈ ಗಡಗಡ ನಡುಗಿತು. ವಯಸ್ಸಾಯ್ತು ಪಾಪ ಅಂತ ಯಾರೋ ಅಂದರು. ಯಾಕೆ ನಡುಗಿತು ಅಂತ ಗೊತ್ತಿದ್ದವನು ಇಡೀ ಚರ್ಚಿನಲ್ಲಿ ಒಬ್ಬನೇ. ತನ್ನ ಹೊರೆಯನ್ನು ಆ ಮುದುಕರ ತಲೆಗೆ ಕಟ್ಟಿದೆನಲ್ಲ ಅಂತ ಅವನಿಗೆ ನಾಚಿಕೆಯಾಯಿತು.

ವಿಚಾರಣೆಯ ದಿನ ಹೆಂಡತಿ ಬಾಗಿಲಲ್ಲೇ ತಡೆದಳು. ಸತ್ತವನು ಎದ್ದು ಬರುತ್ತಾನಾ, ಮಗಳ ಮುಖ ನೋಡಿಯಾದರೂ ಸುಮ್ಮನಿರಿ ಅಂತ ಅತ್ತಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಿಜ ಹೇಳಿದರೆ ಕೆಲಸ ಹೋಗಿ ಜೈಲು. ಸುಮ್ಮನಿದ್ದರೆ ಸತ್ತವನ ತಲೆಗೇ ತಪ್ಪು.

ಉದ್ದನೆಯ ಮೇಜು, ಕಿರುಗುಟ್ಟುವ ಫ್ಯಾನು, ಒಂದು ಕಡೆ ಬರೆದುಕೊಳ್ಳುವ ಗುಮಾಸ್ತ. ಹಿಂದಿನ ಬೆಂಚಿನಲ್ಲಿ ಬೆಂಕಿಯಣ್ಣನ ಹೆಂಡತಿ ಗಂಡನ ಗುರುತಿನ ಚೀಟಿ ಹಿಡಿದು ಕೂತಿದ್ದಳು. ಮಾಲೀಕ ತಂತಿಯ ಕತೆಯನ್ನು ನೀರು ಕುಡಿದಷ್ಟು ಸಲೀಸಾಗಿ ಹೇಳಿ ಕೂತ. ಅಧಿಕಾರಿ ಇನ್‌ಸ್ಪೆಕ್ಟರನಿಗೆ ಅವನೇ ಸಹಿ ಹಾಕಿದ ಸರ್ಟಿಫಿಕೇಟ್ ಎತ್ತಿ ತೋರಿಸಿ, ತಪಾಸಣೆಯ ದಿನ ವಾಲ್ವ್ ತೆರೆಯಿತೇ ಅಂತ ಕೇಳಿದ.

“ಇಲ್ಲ. ತೆರೆಯಲಿಲ್ಲ. ನಾನು ಸುಳ್ಳು ಬರೆದೆ. ಸತ್ತವನ ತಪ್ಪು ಏನೂ ಇಲ್ಲ.”

ಮಾಲೀಕ ತಲೆ ತಗ್ಗಿಸಿದ. ಇಷ್ಟು ದಿನ ಯಾರಿಗೂ ಹೇಳಲಿಲ್ಲವೇ ಅಂತ ಅಧಿಕಾರಿ ಮತ್ತೆ ಕೇಳಿದ.

“ಮಾರನೇ ದಿನ, ಶನಿವಾರ, ಪಾಪನಿವೇದನೆಯಲ್ಲಿ ಹೇಳಿದ್ದೆ.”

ಹಿಂದಿನ ಬೆಂಚು ಸದ್ದು ಮಾಡಿತು. ಆಕೆ ಎದ್ದು ನಿಂತಿದ್ದಳು. ಅಳಲಿಲ್ಲ, ದನಿ ಏರಿಸಲೂ ಇಲ್ಲ.

“ಸಾಹೇಬ್ರೇ, ಅವತ್ತು ನಮ್ಮನೆಯವರು ನಿಮ್ಮ ಹಿಂದೇನೇ ನಿಂತಿದ್ರು. ಸಾಹೇಬ್ರು ನನ್ನ ಮಾತಿಗೆ ನಕ್ಕರು ಅಂತ ಮನೆಗೆ ಬಂದು ಖುಷಿಯಾಗಿ ಹೇಳಿದ್ರು. ಹಿಂದೆ ತಿರುಗಿ ಅವರಿಗೂ ಒಂದು ಮಾತು ಹೇಳಬಾರದಿತ್ತಾ?”

ಇದನ್ನು ಬರೆದುಕೊಳ್ಳಬೇಕೋ ಬೇಡವೋ ತಿಳಿಯದೆ ಗುಮಾಸ್ತ ಪೆನ್ನು ಹಿಡಿದು ಅಧಿಕಾರಿಯ ಮುಖ ನೋಡಿದ.

“ಬರೆದುಕೊಳ್ಳಿ,” ಅಂದ ಇನ್‌ಸ್ಪೆಕ್ಟರ್.