ಮೂರನೆಯ ಚೆನ್ನಮ್ಮ

ಸಾಂಬ್ರಾಣಿ ಹೊಗೆ ತೊಟ್ಟಿಲ ಹಗ್ಗ ಸುತ್ತಿಕೊಂಡು ಮೇಲೇರುತ್ತಿದೆ, ನೀಲಮ್ಮನ ಕಣ್ಣು ಉರಿಯುತ್ತಿದೆ, ಹೊಗೆಗೋ ಸಿಟ್ಟಿಗೋ, ತೊಡೆಯ ಮೇಲಿನ ಮಗಳಿಗೆ ಅದೊಂದೂ ಬೇಡ, ಅಮ್ಮನ ತಾಳಿಯ ಪಕ್ಕದ ಚಿನ್ನದ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗುತ್ತಿದ್ದಾಳೆ — ಪುಟ್ಟ ಬಿಲ್ಲೆ, ಅದರ ಮೇಲೊಂದು ಹೆಣ್ಣುಗೊಂಬೆ, ತುರುಬು ಕಟ್ಟಿದ್ದು — ಚೆನ್ನಮ್ಮ ಅಂತೆ ಹೆಸರು, ಯಾಕೆ ಚೆನ್ನಮ್ಮ, ಪ್ರೇಮಲೀಲಾ ಅಂತಿಡೋಣ ಕಣ್ರೀ ಎಂದು ಬಸುರಿಯಾದಾಗಿನಿಂದ ಹೇಳಿದ್ದಳು, ಆಗಲಿ ಎಂದ ಗಂಡ, ಹೈಸ್ಕೂಲಿನ ಚರಿತ್ರೆ ಮೇಷ್ಟ್ರು ವೃಷಭೇಂದ್ರಪ್ಪನವರು, ಹೆಣ್ಣು ಹುಟ್ಟಿದ್ದೇ ತಡ ತಿರುಗಿಬಿದ್ದರಲ್ಲ, ಕಿತ್ತೂರಿನ ಚೆನ್ನಮ್ಮ ಇಂಗ್ಲಿಷರ ಮೇಲೆ ಕತ್ತಿ ಹಿರಿದಳು, ಕೆಳದಿಯ ಚೆನ್ನಮ್ಮ ಶಿವಾಜಿಯ ಮಗನಿಗೆ ಆಸರೆ ಕೊಟ್ಟು ಔರಂಗಜೇಬನ ದಂಡನ್ನೇ ಎದುರಿಸಿದಳು, ಈಗ ರಾಜ್ಯ ಒಂದಾಗಿದೆ, ಕಿತ್ತೂರೂ ನಮ್ಮದೇ, ಇದಕ್ಕಿಂತ ಒಳ್ಳೆ ಹೆಸರು ಬೇಕೇನೇ ನೀಲಾ — ಸರಿ, ಆದರೆ ಎಂದೋ ಸತ್ತ ರಾಣಿಯರಿಗಾಗಿ ಯಾವ ಗಂಡಸು ಗೋಡೆಗೆ ಮುಖ ಮಾಡಿ ಕಣ್ಣೊರೆಸಿಕೊಳ್ಳುತ್ತಾನೆ — ರಾಣಿಯರ ಮೇಲೆ ಅವಳಿಗೇನೂ ಕೋಪವಿಲ್ಲ, ಗಂಡ ಹೋದ ಮೇಲೆ ಎದೆಗುಂದದೆ ರಾಜ್ಯ ಆಳಿದ ಹೆಂಗಸರು, ಆದರೆ ಆ ಇಬ್ಬರ ಸೆರಗಿನ ಮರೆಯಲ್ಲಿ ಇನ್ನೊಬ್ಬಳು ನಿಂತಿದ್ದಾಳೆ, ಯಾರವಳು, ಬದುಕಿದ್ದಾಳೋ, ಯಾವ ಬೀದಿಯಲ್ಲಿ, ಸರಸ್ವತಿಪುರಂಗೆ ಟ್ಯೂಷನ್ನಿಗೆಂದು ಹೋಗುತ್ತಾರಲ್ಲ, ಅಲ್ಲೋ — ಬಿಡೇ ಮಗಳೇ, ದಾರ ಕಿತ್ತೀಯ, ಮದುವೆಯ ದಿನ ಅತ್ತೆ ಬಸಮ್ಮ ತಾವೇ ಪೋಣಿಸಿದ ಬಿಲ್ಲೆ ಇದು, ಇದ್ಯಾರು ಅತ್ತೆ ಎಂದರೆ ಮನೆದೇವ್ರು ಕಣಮ್ಮ, ಸ್ನಾನಕ್ಕೂ ಬಿಚ್ಚಬ್ಯಾಡ — ಇವರ ಮನೆದೇವರು ನಂಜುಂಡೇಶ್ವರ, ನಂಜುಂಡೇಶ್ವರನಿಗೆ ತುರುಬು ಎಲ್ಲಿಂದ ಬಂತು, ಆಗ ಕೇಳಲಿಲ್ಲ, ಹೊಸ ಸೊಸೆಗೆ ಅಷ್ಟು ಬಾಯಿ ಎಲ್ಲಿರುತ್ತದೆ.

ಸೋದರತ್ತೆ ಬಾಮ್ಮ ಎಂದು ಯಾರೋ ಕರೆದರು, ಗಂಡನ ತಂಗಿ ಪುಟ್ಟಬಸಮ್ಮ ಬಂದು ಕೂತಳು, ಕಿವಿಯಲ್ಲಿ ಹೆಸರು ಹೇಳಬೇಕಾದವಳು ಅವಳೇ, ಮದುವೆಯಾದಾಗಿನಿಂದ ಇವಳನ್ನು ಒಮ್ಮೆಯೂ ಅತ್ತಿಗೆ ಎಂದು ಕರೆದವಳಲ್ಲ, ನೀಲಮ್ಮ ಅಂತಲೇ, ಒಂದೇ ವಯಸ್ಸು ಅಲ್ವಾ ಎಂಬ ನಗೆ ಬೇರೆ — ಚೆನ್ನಮ್ಮ, ಚೆನ್ನಮ್ಮ, ಚೆನ್ನಮ್ಮ, ಮೂರು ಸಲ ಆಯಿತು, ಏಳುತ್ತಿಲ್ಲ, ಕೂಸಿನ ಕಿವಿಗೆ ತುಟಿ ಒತ್ತಿಕೊಂಡು ಬಿಕ್ಕುತ್ತಿದ್ದಾಳೆ, ಬಂದ್ಬುಟ್ರಾ ಅತ್ತಿಗೆ, ನಮ್ಮನೆಗೇ ವಾಪಸ್ ಬಂದ್ಬುಟ್ರಾ — ಅತ್ತಿಗೆ, ನನ್ನ ಮಗಳು ಅತ್ತಿಗೆ — ಗಂಡ ನೆಲ ನೋಡುತ್ತಿದ್ದಾರೆ, ಅತ್ತೆ ಪುಟ್ಟಬಸಮ್ಮನ ರಟ್ಟೆ ಹಿಡಿದು ಎಬ್ಬಿಸುತ್ತಿದ್ದಾರೆ, ಸಾಕು ಏಳೇ, ಸಾಕು — ಚಾಮರಾಜಪುರಂನ ತವರಿನ ಪಕ್ಕದ ಮನೆಗೆ ಎರಡನೆಯವಳಾಗಿ ಬಂದಿದ್ದ ಶಿವನಂಜಮ್ಮನ ಕತ್ತಿನಲ್ಲಿ ಇಂಥದೇ ಗೊಂಬೆ, ಸತ್ತೋದ ಸವತಿ ಕಣೇ ಇವಳು, ಕತ್ತಲ್ಲಿಟ್ಕೊಂಡ್ರೆ ಕಾಟ ಕೊಡಲ್ಲ ಎಂದಿದ್ದಳು — ಎರಡನೇ ಸಂಬಂಧಕ್ಕೆ ಹೆಣ್ಣು ಕೊಡೋಲ್ಲ ಎಂದು ಅಪ್ಪ ಹಟ ಹಿಡಿದಿದ್ದರು, ಅದಕ್ಕೇ ಎಲ್ಲರೂ ಸೇರಿ ಮುಚ್ಚಿಟ್ಟರು, ಮೋಸ, ಇಷ್ಟು ದಿನ ಅವಳನ್ನು ಎದೆಯ ಮೇಲೆ ಹೊತ್ತು ಅವಳ ಮನೆಯಲ್ಲೇ ಬಾಳುವೆ ಮಾಡಿದೆನೇ, ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದನ್ನೂ ಅವಳಿಗೇ ಕೊಟ್ಟರೇ — ಬಿಡೇ ಪ್ರೇಮಾ, ಬಿಡೇ, ಒಂದೊಂದೇ ಬೆರಳು ಬಿಡಿಸುತ್ತಾಳೆ, ಮಗು ಮತ್ತೆ ಹಿಡಿಯುತ್ತದೆ, ಬಿಡಿಸುತ್ತಾಳೆ, ಹಿಡಿಯುತ್ತದೆ, ಎಳೆಯ ಮುಷ್ಟಿಯ ಸಂದಿನಲ್ಲಿ ಚಿನ್ನದ ತುರುಬು, ಚಿನ್ನದ ತುರುಬು